ಸೆಕೆಂಡ್ ಹ್ಯಾಂಡ್ ಯುರೋಪಿಯನ್ ಕಾರು: ನಮ್ಮ ಕಾಸರಗೋಡಿನ ಓಡಾಟಕ್ಕೆ ಯಾವ ಎಂಜಿನ್ ಸರಿ?

ನೀರ್ಚಾಲು ಮಾಷ್ಟ್ರು:

ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ಐದು ಜನರಿದ್ದೇವೆ, ಈಗಿರುವ ಚಿಕ್ಕ ಕಾರು ಸಾಲುತ್ತಿಲ್ಲ. 7 ಲಕ್ಷ ರೂಪಾಯಿಯೊಳಗೆ ಹಳೆಯದಾದರೂ ಗಟ್ಟಿಮುಟ್ಟಾದ ಯುರೋಪಿಯನ್ ಕಾರೊಂದನ್ನು ಕೊಳ್ಳಬೇಕೆಂದಿದ್ದೇನೆ. ಕಂಪೆನಿ ಯಾವುದೆಂಬುದಕ್ಕಿಂತ ಎಂಜಿನ್ ಯಾವುದೆಂಬ ಪ್ರಶ್ನೆಯೇ ನನ್ನನ್ನು ಹೆಚ್ಚು ಕಾಡುತ್ತಿದೆ.

ನನ್ನ ಓಡಾಟ ಹೀಗಿದೆ. ಶಾಲೆಯ ದಿನಗಳಲ್ಲಿ ಕುಂಬಳೆಗೆ ಹೋಗಿ ಬರುವುದು, ಒಂದು ಕಡೆಗೆ 15 ಕಿಲೋಮೀಟರಿಗೂ ಕಡಿಮೆ. ತಂದೆಯವರ ತಪಾಸಣೆಗೆ ಆಗಾಗ ಮಂಗಳೂರು, ರಜೆಯಲ್ಲಿ ಸಂಪಾಜೆ ಘಾಟಿಯ ದಾರಿಯಾಗಿ ತಮ್ಮನ ಮನೆಗೆ, ಮೈಸೂರಿಗೆ. ವರ್ಷಕ್ಕೆ ಒಟ್ಟು 10,000 ಕಿಲೋಮೀಟರಿನ ಆಸುಪಾಸು. ಡಾಮರು ರಸ್ತೆಯಿಂದ ಮನೆಯಂಗಳಕ್ಕೆ ತೋಟದ ನಡುವೆ ಕಡಿದಾದ ಏರು ಇದೆ ಎಂಬುದನ್ನೂ ಹೇಳಿಬಿಡಬೇಕು.

ಕಣ್ಣಿಗೆ ಬಿದ್ದಿರುವವು ಇವು: 2015ರ ಸ್ಕೋಡಾ ಆಕ್ಟೇವಿಯಾ 1.4 ಟಿಎಸ್‌ಐ ಪೆಟ್ರೋಲ್, ಮ್ಯಾನುಯಲ್ ಗೇರಿನದು. 2014ರ ಅದೇ ಕಾರು, 2.0 ಟಿಡಿಐ ಡೀಸೆಲ್, ಆಟೊಮ್ಯಾಟಿಕ್. ಸ್ಕೋಡಾ ರ‍್ಯಾಪಿಡ್ 1.6 ಪೆಟ್ರೋಲ್, ರೆನೋ ಡಸ್ಟರ್ ಡೀಸೆಲಿನಲ್ಲಿ 85 ಮತ್ತು 110 ಪಿಎಸ್ ಶಕ್ತಿಯವು ಎರಡೂ. ಡೀಸೆಲ್ ಬಿಟ್ಟು ಬೇರೇನೂ ಬೇಡವೆನ್ನುವವರು ಕೆಲವರು, ಯುರೋಪಿನ ಹಳೆಯ ಡೀಸೆಲಿನ ಹತ್ತಿರವೂ ಸುಳಿಯಬೇಡಿ ಎನ್ನುವವರು ಕೆಲವರು. ಅನುಭವಸ್ಥರು ಕಾರಣಸಹಿತವಾಗಿ ತಿಳಿಸಿದರೆ ಉಪಕಾರವಾಗುತ್ತದೆ.

ಮುಳ್ಳೇರಿಯ ಕೃಷಿಕ:

ಮಾಷ್ಟ್ರೇ, ತೋಟದ ಏರು ಎಂದು ನೀವೇ ಬರೆದ ಮೇಲೆ ಹೆಚ್ಚು ಯೋಚಿಸುವುದೇನೂ ಇಲ್ಲ, ಡಸ್ಟರ್ ಡೀಸೆಲ್ ತೆಗೆದುಕೊಳ್ಳಿ. ಅದರೊಳಗಿರುವ 1461 ಸಿಸಿಯ ಕೆ9ಕೆ ಎಂಜಿನ್ ನಮ್ಮ ದೇಶಕ್ಕೆ ಹೊಸದಲ್ಲ. ಮಹೀಂದ್ರ ಲೋಗನ್, ಆಮೇಲೆ ವೆರಿಟೊ, ನಿಸ್ಸಾನ್ ಸನ್ನಿ, ಮೈಕ್ರಾ, ಟೆರಾನೊ, ಇವೆಲ್ಲ ಓಡಿದ್ದು ಅದೇ ಎಂಜಿನಿನಲ್ಲಿ. ಆದ್ದರಿಂದ ಬಿಡಿಭಾಗವೂ ಸಿಗುತ್ತದೆ, ಕೈಹಾಕಬಲ್ಲ ಮೆಕ್ಯಾನಿಕ್ಕರೂ ಸಿಗುತ್ತಾರೆ. ನೆಲದಿಂದ 205 ಮಿಲಿಮೀಟರ್ ಎತ್ತರವಿರುವುದರಿಂದ ಮಳೆಗಾಲದಲ್ಲಿ ಕೊರೆದುಹೋದ ದಾರಿಯಲ್ಲೂ ಅಡಿ ತಾಗುವ ಭಯವಿಲ್ಲ.

ಎರಡರಲ್ಲಿ ಯಾವುದು ಎಂದರೆ 85 ಪಿಎಸ್‌ನದನ್ನೇ ಹೇಳುತ್ತೇನೆ. 110ರದ್ದು ಹೆದ್ದಾರಿಗೆ ಚೆನ್ನ, ಆದರೆ ಅದರ 248 ಎನ್‌ಎಂ ತಿರುಗುಬಲ ಪೂರ್ತಿಯಾಗಿ ಬರುವುದು ಎಂಜಿನ್ ನಿಮಿಷಕ್ಕೆ 2250 ಸುತ್ತು ತಿರುಗುವ 2250 ಆರ್‌ಪಿಎಂನಲ್ಲಿ. ಅದಕ್ಕಿಂತ ಕೆಳಗೆ ಏರಿನಲ್ಲಿ ಉಸಿರು ಕಟ್ಟಿದಂತಾಗಿ ಮತ್ತೆ ಮತ್ತೆ ಕ್ಲಚ್ಚು ಒತ್ತಬೇಕಾಗುತ್ತದೆ. 85ರದ್ದರಲ್ಲಿ ಬಲ 200 ಎನ್‌ಎಂ ಮಾತ್ರವಾದರೂ ಅದು ಬೇಗ ಸಿಗುತ್ತದೆ. ನಿಧಾನವಾಗಿ ಹತ್ತುವವರಿಗೆ ಅದೇ ಹಿತ.

ಮಂಜೇಶ್ವರದಿಂದ ಒಬ್ಬಳು:

ಲೆಕ್ಕ ಹಾಕದೆ ಡೀಸೆಲ್ ಎಂದು ಹೇಳಿಬಿಡುವುದು ನಮ್ಮ ಕಡೆಯ ಹಳೆಯ ರೂಢಿ. ಮಾಷ್ಟ್ರು ಓಡಿಸುವುದು ವರ್ಷಕ್ಕೆ 10,000 ಕಿಲೋಮೀಟರು. ಪೆಟ್ರೋಲ್ ಆಕ್ಟೇವಿಯಾ ಲೀಟರಿಗೆ 13 ಕಿಲೋಮೀಟರು, ಡೀಸೆಲಿನದು 17 ಕೊಡುತ್ತದೆ ಎಂದಿಟ್ಟುಕೊಳ್ಳೋಣ. ಪೆಟ್ರೋಲಿಗೆ 106, ಡೀಸೆಲಿಗೆ 95 ರೂಪಾಯಿ ಎಂದು ಹಿಡಿದರೆ ವರ್ಷದ ಇಂಧನದ ಖರ್ಚು ಕ್ರಮವಾಗಿ ಸುಮಾರು 81,500 ಮತ್ತು 56,000 ರೂಪಾಯಿ ಆಗುತ್ತದೆ. ವ್ಯತ್ಯಾಸ 25,000ದ ಸುಮಾರು. ತಲಪಾಡಿಯ ಗಡಿ ದಾಟಿ ಕರ್ನಾಟಕದಲ್ಲಿ ಟ್ಯಾಂಕ್ ತುಂಬಿಸುವವರಿಗೆ ಎರಡೂ ಇನ್ನಷ್ಟು ಅಗ್ಗ, ಆದರೆ ನಡುವಿನ ಅಂತರ ಹೆಚ್ಚೇನೂ ಬದಲಾಗುವುದಿಲ್ಲ.

ಈ 25,000 ಕಡೆಗಣಿಸುವ ಮೊತ್ತವಲ್ಲ, ನಿಜ. ಆದರೆ ಹತ್ತು ವರ್ಷ ದಾಟಿದ ಡೀಸೆಲಿನಲ್ಲಿ ಇಂಧನ ಚಿಮ್ಮಿಸುವ ನಾಲ್ಕು ಇಂಜೆಕ್ಟರುಗಳನ್ನೋ ಹೈ ಪ್ರೆಶರ್ ಪಂಪನ್ನೋ ಎಂಜಿನಿಗೆ ಗಾಳಿ ಒತ್ತಿ ತುಂಬುವ ಟರ್ಬೊವನ್ನೋ ಬದಲಿಸುವ ಸಂದರ್ಭ ಒಮ್ಮೆ ಬಂದರೂ ಕೆಲವು ವರ್ಷಗಳ ಉಳಿತಾಯ ಅಲ್ಲಿಗೇ ಹೋಗುತ್ತದೆ. ವರ್ಷಕ್ಕೆ 25,000 ಕಿಲೋಮೀಟರು ಓಡಿಸುವವರ ಲೆಕ್ಕವೇ ಬೇರೆ.

ಉಪ್ಪಳದ ವರ್ಕ್‌ಶಾಪಿನವನು:

ಅಕ್ಕ ಹೇಳಿದ ಲೆಕ್ಕ ಸರಿಯಾಗಿದೆ. ಅದಕ್ಕೆ ಕೆಲಸದವನಾಗಿ ಕೆಲವು ಮಾತುಗಳನ್ನು ಸೇರಿಸುತ್ತೇನೆ, ಉದ್ದವಾದರೆ ಕ್ಷಮಿಸಬೇಕು.

ಬರೀ ಕಾರಿನ ಹೆಸರು ಹೇಳಿ ಒಳ್ಳೆಯದೋ ಕೆಟ್ಟದೋ ಎಂದು ಕೇಳಿದರೆ ಉತ್ತರ ಹೇಳಲಾಗುವುದಿಲ್ಲ. ಎಂಜಿನ್, ಗೇರ್‌ಬಾಕ್ಸ್, ತಯಾರಾದ ವರ್ಷ ಈ ಮೂರನ್ನೂ ಒಟ್ಟಿಗೆ ಹೇಳಬೇಕು, ಏಕೆಂದರೆ ಡಿಕ್ಕಿಯ ಮೇಲಿರುವ ಒಂದೇ ಹೆಸರಿನ ಒಳಗೆ ಬೇರೆ ಬೇರೆ ಯಂತ್ರಗಳಿರುತ್ತವೆ. 1.4 ಟಿಎಸ್‌ಐಯನ್ನೇ ತೆಗೆದುಕೊಳ್ಳಿ. ಫೋಕ್ಸ್‌ವ್ಯಾಗನ್ (ಸ್ಕೋಡಾ ಇದೇ ಸಮೂಹದ್ದು) ಜೆಟ್ಟಾದಲ್ಲಿ ಬಂದ 122 ಪಿಎಸ್‌ನದು ಇಎ111 ಎಂಬ ಹಳೆಯ ಪೀಳಿಗೆಯದು, ವಾಲ್ವುಗಳನ್ನು ಸರಿಯಾದ ಸಮಯಕ್ಕೆ ತೆರೆದು ಮುಚ್ಚಿಸಲು ಅದಕ್ಕಿರುವುದು ಟೈಮಿಂಗ್ ಚೈನ್. 2013ರಿಂದ ಆಕ್ಟೇವಿಯಾದಲ್ಲಿ ಬಂದದ್ದು ಇಎ211, ಅದಕ್ಕಿರುವುದು ಟೈಮಿಂಗ್ ಬೆಲ್ಟ್. ಚೈನ್ ಎಂದರೆ ಆಯುಷ್ಯಪೂರ್ತಿ ಬಾಳುವಂಥದ್ದು, ಬೆಲ್ಟ್ ಎಂದರೆ ತಾಪತ್ರಯ ಎಂಬ ನಂಬಿಕೆ ನಮ್ಮಲ್ಲಿದೆ. ಇಲ್ಲಿ ಅದು ತಿರುಗುಮುರುಗು. ಇಎ111ರ ಚೈನು ಸಡಿಲವಾಗುವುದು ಜಗತ್ತಿನೆಲ್ಲೆಡೆ ತಿಳಿದ ದೋಷ. ಬೆಳಿಗ್ಗೆ ಮೊದಲ ಸಲ ಸ್ಟಾರ್ಟ್ ಮಾಡಿದಾಗ ಕ್ಷಣಕಾಲ ಕಟಕಟ ಸದ್ದು ಕೇಳಿಸಿದರೆ ಆ ಕಾರನ್ನು ಅಲ್ಲಿಯೇ ಬಿಟ್ಟು ಬರುವುದು ಲೇಸು. ಇಎ211ರಲ್ಲಿ ಬೆಲ್ಟನ್ನು ಸಮಯಕ್ಕೆ ಬದಲಿಸಿದರೆ ಆ ಚಿಂತೆಯಿಲ್ಲ.

1.8 ಟಿಎಸ್‌ಐ ಕಥೆಯೂ ಹಾಗೆಯೇ. ಸ್ಕೋಡಾ ಲಾರಾದಲ್ಲೂ ಹಿಂದಿನ ಸುಪರ್ಬ್‌ನಲ್ಲೂ ಇದ್ದದ್ದು ಇಎ888 ಎಂಬ ಎಂಜಿನಿನ ಎರಡನೆಯ ಪೀಳಿಗೆ. ಅದರ ಪಿಸ್ಟನ್ ರಿಂಗುಗಳ ವಿನ್ಯಾಸದಿಂದಾಗಿ ಎಣ್ಣೆ ಕುಡಿಯುವ ಕೆಟ್ಟ ಹೆಸರು ಬಂತು. 1,000 ಕಿಲೋಮೀಟರಿಗೆ ಅರ್ಧ ಲೀಟರಿನ ತನಕ ಎಣ್ಣೆ ಕಡಿಮೆಯಾಗುವುದು ಸಹಜವೆಂದು ಕಂಪೆನಿಯೇ ಹೇಳುತ್ತಿತ್ತು ಎಂದರೆ ಊಹಿಸಿಕೊಳ್ಳಿ. 2013ರ ಆಕ್ಟೇವಿಯಾದಲ್ಲಿ ಬಂದ ಮೂರನೆಯ ಪೀಳಿಗೆಯಲ್ಲಿ ಇದು ಬಹಳಷ್ಟು ಸುಧಾರಿಸಿತು.

ಇನ್ನು ಡೀಸೆಲಿನ ಮಾತು. ಡೀಸೆಲ್ ಎಂಜಿನ್ ಬಿಸಿಯಾಗಲು ಹೆಚ್ಚು ಹೊತ್ತು ಹಿಡಿಯುತ್ತದೆ. ನಮ್ಮ ಕರಾವಳಿಯಲ್ಲಿ ಚಳಿಯಿಲ್ಲ, ಹಾಗಿದ್ದರೂ ನೀರ್ಚಾಲಿನಿಂದ ಕುಂಬಳೆಗೆ ತಲಪುವ ಹೊತ್ತಿಗೆ ನೀರಿನ ಮುಳ್ಳು ಮಧ್ಯಕ್ಕೆ ಬಂದಿರಬಹುದು, ಎಣ್ಣೆಯ ಬಿಸಿ ಇನ್ನೂ ಹಿಂದೆಯೇ ಇರುತ್ತದೆ. ದಿನವೂ ಇಂಥದ್ದೇ ಓಟವಾದರೆ ಹೊಗೆಯ ಒಂದು ಪಾಲನ್ನು ಎಂಜಿನಿಗೆ ಮರಳಿಸುವ ಇಜಿಆರ್ ವಾಲ್ವಿನಲ್ಲೂ ಗಾಳಿ ಒಳಹೋಗುವ ಇನ್‌ಟೇಕ್ ಮ್ಯಾನಿಫೋಲ್ಡಿನಲ್ಲೂ ಮಸಿ ಕಟ್ಟುತ್ತದೆ. 2020ರ ಏಪ್ರಿಲ್ ನಂತರದ ಬಿಎಸ್6 ಎಂಬ ಹೊಗೆ ನಿಯಮದ ಡೀಸೆಲುಗಳಲ್ಲಿ ಹೊಗೆಯ ಮಸಿಯನ್ನು ಹಿಡಿದಿಡುವ ಡಿಪಿಎಫ್ ಸೋಸುಕವೂ ಇರುತ್ತದೆ. ಅದು ತನ್ನನ್ನು ತಾನೇ ಸುಟ್ಟು ಶುಚಿಮಾಡಿಕೊಳ್ಳಲು ಹೆದ್ದಾರಿಯ ನಿರಂತರ ಓಟ ಬೇಕು. ನೀವು ನೋಡುತ್ತಿರುವವು ಬಿಎಸ್4 ಕಾಲದವಾದ್ದರಿಂದ ಆ ತಲೆನೋವಿನಿಂದ ಹೆಚ್ಚುಕಡಿಮೆ ಪಾರಾಗುತ್ತೀರಿ.

ಇಎ211ರ ಗುಣವೊಂದನ್ನು ಇಲ್ಲಿಯೇ ಹೇಳಬೇಕು. ಅದರಲ್ಲಿ ಹೊಗೆ ಹೊರಹೋಗುವ ಎಕ್ಸಾಸ್ಟ್ ಮ್ಯಾನಿಫೋಲ್ಡನ್ನು ಸಿಲಿಂಡರ್ ಹೆಡ್ಡಿನೊಳಗೇ ಸೇರಿಸಿರುವುದರಿಂದ ಹೊಗೆಯ ಬಿಸಿಯೇ ಎಂಜಿನ್ ತಣಿಸುವ ದ್ರವವಾದ ಕೂಲಂಟಿಗೆ ಹೋಗಿ ಎಂಜಿನ್ ಬೇಗ ಬಿಸಿಯಾಗುತ್ತದೆ. ಮಾಷ್ಟ್ರ ಓಟಕ್ಕೆ ಇದಕ್ಕಿಂತ ಅನುಕೂಲವಾದದ್ದು ಇನ್ನೊಂದಿಲ್ಲ ಎಂದು ನನ್ನ ಅಭಿಪ್ರಾಯ. ಕೊರತೆಯೂ ಇದೆ: ಪೆಟ್ರೋಲನ್ನು ನೇರವಾಗಿ ಸಿಲಿಂಡರಿಗೇ ಚಿಮುಕಿಸುವುದರಿಂದ ಇನ್‌ಟೇಕ್ ವಾಲ್ವುಗಳನ್ನು ತೊಳೆಯಲು ಪೆಟ್ರೋಲ್ ಅತ್ತ ಬರುವುದೇ ಇಲ್ಲ, ವರ್ಷಗಳು ಕಳೆದಂತೆ ಅವುಗಳ ಮೇಲೆ ಕಾರ್ಬನ್ ಕೂರುತ್ತದೆ. ರ‍್ಯಾಪಿಡ್‌ನ 1.6 ಎಂಪಿಐ ಎಂಜಿನ್ ಪೆಟ್ರೋಲನ್ನು ವಾಲ್ವುಗಳ ಹಿಂದೆಯೇ ಚಿಮುಕಿಸುವುದರಿಂದ ಅದಕ್ಕೆ ಆ ಸಮಸ್ಯೆಯಿಲ್ಲ. ಅದರಲ್ಲಿ ಟರ್ಬೊ ಕೂಡ ಇಲ್ಲ. ಇಲ್ಲದ ವಸ್ತು ಕೆಡುವುದೂ ಇಲ್ಲ.

ಮುಳ್ಳೇರಿಯ ಕೃಷಿಕ:

ಎಲ್ಲ ಒಪ್ಪಿದೆ ಅಣ್ಣ. ಆದರೆ ಏರು? ಐದು ಜನರನ್ನು ಕೂರಿಸಿಕೊಂಡು, ಹಿಂದೆ ಒಂದು ಗೋಣಿ ತೆಂಗಿನಕಾಯಿ ಇಟ್ಟುಕೊಂಡು, ಆಟಿ ತಿಂಗಳ ಮಳೆಯಲ್ಲಿ ಪೆಟ್ರೋಲ್ ಕಾರು ಹತ್ತಿದರೆ ಆಮೇಲೆ ಮಾತಾಡೋಣ.

ಉಪ್ಪಳದ ವರ್ಕ್‌ಶಾಪಿನವನು:

ಏರು ಹತ್ತಿಸುವುದು ಇಂಧನವಲ್ಲ. ಕೆಳಗಿನ ಆರ್‌ಪಿಎಂನಲ್ಲಿ ಸಿಗುವ ಟಾರ್ಕ್ (ತಿರುಗುಬಲ), ಮೊದಲನೆಯ ಗೇರು ಮತ್ತು ಟಯರಿನ ಹಿಡಿತ. ಹಳೆಯ ಪೆಟ್ರೋಲುಗಳಲ್ಲಿ ಕೆಳಗೆ ಬಲವಿರಲಿಲ್ಲ, ಅದರಿಂದ ಹುಟ್ಟಿದ ಮಾತು ಇದು. ಆಕ್ಟೇವಿಯಾದ 1.4 ಟಿಎಸ್‌ಐ 1500 ಆರ್‌ಪಿಎಂನಿಂದಲೇ 250 ಎನ್‌ಎಂ ಕೊಡುತ್ತದೆ, ನಿಮ್ಮ 85 ಪಿಎಸ್ ಡಸ್ಟರಿಗಿಂತ 50 ಹೆಚ್ಚು, ಅದೂ ಇನ್ನೂ ಬೇಗ. ನಿಮ್ಮ ಮಾತು ಸತ್ಯವಾಗುವುದು ರ‍್ಯಾಪಿಡ್ 1.6ರ ವಿಷಯದಲ್ಲಿ. ಅದರ 153 ಎನ್‌ಎಂ ಸಿಗಲು 3800 ಆರ್‌ಪಿಎಂ ತನಕ ತಿರುಗಿಸಬೇಕು. ಹತ್ತುವುದಿಲ್ಲ ಎಂದಲ್ಲ, ಆದರೆ ಎಂಜಿನನ್ನು ಕೂಗಿಸಬೇಕಾಗುತ್ತದೆ. ನೆಲದೆತ್ತರದ ವಿಷಯದಲ್ಲಿ ಮಾತ್ರ ಡಸ್ಟರಿನ ಮುಂದೆ ಆಕ್ಟೇವಿಯಾ ಏನೂ ಅಲ್ಲ. ಮಾಷ್ಟ್ರ ದಾರಿಯಲ್ಲಿ ನಡುವೆ ದಿಬ್ಬವಿದ್ದರೆ ಕೆಂಪುಕಲ್ಲು ಹಾಸಿ ಸಮಮಾಡಿಸುವ ಖರ್ಚನ್ನೂ ಕಾರಿನ ಬೆಲೆಗೆ ಸೇರಿಸಿಕೊಳ್ಳಲಿ.

ಕಾಞಂಗಾಡಿನ ಓದುಗ:

ಡೀಸೆಲ್ ಆಕ್ಟೇವಿಯಾದ ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಬಗ್ಗೆ ಯಾರೂ ಹೇಳಲಿಲ್ಲ. ಡಿಎಸ್‌ಜಿ ಎಂಬ ಎರಡು ಕ್ಲಚ್ಚಿನ ಆಟೊಮ್ಯಾಟಿಕ್ ಎಂದೊಡನೆ ನಮ್ಮಲ್ಲಿ ಎಲ್ಲರೂ ಬೆಚ್ಚಿಬೀಳುತ್ತಾರೆ, ಆದರೆ ಆ ಹೆಸರಿನ ಗೇರ್‌ಬಾಕ್ಸ್ ಒಂದೇ ಅಲ್ಲ. ಭಯಕ್ಕೆ ಕಾರಣವಾದದ್ದು ಏಳು ಗೇರುಗಳ ಡಿಕ್ಯೂ200. ಅದರ ಎರಡು ಕ್ಲಚ್ಚುಗಳು ಎಣ್ಣೆಯಿಲ್ಲದೆ ಒಣಗಿ ಕೆಲಸ ಮಾಡುತ್ತವೆ. ಹೆದ್ದಾರಿ ಕಾಮಗಾರಿಯ ಸಾಲಿನಲ್ಲಿ ಇಂಚಿಂಚಾಗಿ ತೆವಳುವಾಗಲೂ ಏರಿನಲ್ಲಿ ಹಿಮ್ಮುಖವಾಗಿ ನಿಧಾನ ಚಲಿಸುವಾಗಲೂ ಅವು ಬೇಗ ಬಿಸಿಯಾಗುತ್ತವೆ. ಮೆಕಾಟ್ರಾನಿಕ್ ಎಂಬ ನಿಯಂತ್ರಣ ಘಟಕ ಕೆಟ್ಟರೆ ಖರ್ಚು ಲಕ್ಷವನ್ನು ಮೀರುವುದುಂಟು. 2013ರಲ್ಲಿ ಫೋಕ್ಸ್‌ವ್ಯಾಗನ್ ಈ ಗೇರ್‌ಬಾಕ್ಸಿನ ಎಣ್ಣೆ ಬದಲಿಸಲೆಂದೇ ಜಗತ್ತಿನಾದ್ಯಂತ ಸುಮಾರು 16 ಲಕ್ಷ ಕಾರುಗಳನ್ನು ಹಿಂದಕ್ಕೆ ಕರೆಸಿತ್ತು.

ಮಾಷ್ಟ್ರು ನೋಡಿರುವ 2.0 ಟಿಡಿಐಯಲ್ಲಿರುವುದು ಅದಲ್ಲ. ಅದು ಆರು ಗೇರುಗಳ ಡಿಕ್ಯೂ250, ಎಣ್ಣೆಯಲ್ಲಿ ಮುಳುಗಿ ತಣ್ಣಗಿರುವ ಕ್ಲಚ್ಚುಗಳದ್ದು. 320 ಎನ್‌ಎಂ ಎಂಜಿನಿಗೆ 250ಕ್ಕಷ್ಟೇ ತಾಳುವ ಡಿಕ್ಯೂ200ನ್ನು ಕೊಡಲು ಸಾಧ್ಯವೂ ಇರಲಿಲ್ಲ. ಪ್ರತಿ 60,000 ಕಿಲೋಮೀಟರಿಗೆ ಅದರ ಎಣ್ಣೆ ಮತ್ತು ಫಿಲ್ಟರ್ ಬದಲಿಸಿದ ದಾಖಲೆ ಇದೆಯೇ ಎಂಬುದೊಂದನ್ನೇ ಕೇಳಿ. ವಿಚಿತ್ರವೆಂದರೆ, ಎಲ್ಲರೂ ಸುರಕ್ಷಿತವೆಂದು ಭಾವಿಸುವ 1.8 ಪೆಟ್ರೋಲ್ ಆಟೊಮ್ಯಾಟಿಕ್ ಆಕ್ಟೇವಿಯಾದಲ್ಲಿಯೇ ಡಿಕ್ಯೂ200 ಇರುವುದು. ಆಟೊಮ್ಯಾಟಿಕ್ಕೇ ಬೇಕು, ತಲೆಬಿಸಿ ಬೇಡ ಎನ್ನುವವರಿಗೆ ರ‍್ಯಾಪಿಡ್ 1.6ರ ಆರು ಗೇರಿನ, ಎಣ್ಣೆಯ ಮೂಲಕ ಬಲ ಸಾಗಿಸುವ ಟಾರ್ಕ್ ಕನ್ವರ್ಟರ್ ಸಾಕು. ವೇಗದಲ್ಲಿ ಹಳೆಯ ಕಾಲದ್ದು, ತಾಳಿಕೆಯಲ್ಲಿ ಒಳ್ಳೆಯದು.

ನೀರ್ಚಾಲು ಮಾಷ್ಟ್ರು:

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಕೃತಜ್ಞತೆಗಳು. ಎರಡು ಸಂದೇಹಗಳು ಉಳಿದಿವೆ. ದೆಹಲಿಯಿಂದ ತಂದ ಡೀಸೆಲ್ ಕಾರುಗಳು ಇಲ್ಲಿಗಿಂತ ಬಹಳ ಕಡಿಮೆ ಬೆಲೆಗೆ ಸಿಗುತ್ತಿವೆ ಎಂದು ದಲ್ಲಾಳಿಯೊಬ್ಬರು ಹೇಳಿದರು, ಅದನ್ನು ನಂಬಬಹುದೇ? ಇನ್ನೊಂದು, ಈಗ ಎಲ್ಲ ಬಂಕುಗಳಲ್ಲೂ ಸಿಗುತ್ತಿರುವ ಇ20 (20 ಶೇಕಡಾ ಎಥನಾಲ್ ಬೆರೆಸಿದ) ಪೆಟ್ರೋಲು 2015ರ ಟಿಎಸ್‌ಐಗೆ ಹಾನಿ ಮಾಡೀತೇ?

ಮಂಜೇಶ್ವರದಿಂದ ಒಬ್ಬಳು:

ದೆಹಲಿಯ ಕಾರು ಅಗ್ಗವಾಗಿರುವುದಕ್ಕೆ ಕಾರಣ ಸ್ಪಷ್ಟವಿದೆ. ಹತ್ತು ವರ್ಷ ದಾಟಿದ ಡೀಸೆಲ್ ವಾಹನಗಳು ರಾಜಧಾನಿ ಪ್ರದೇಶದಲ್ಲಿ ಓಡಬಾರದೆಂದು ಹಸಿರು ನ್ಯಾಯಮಂಡಳಿ 2015ರಲ್ಲಿ ಆದೇಶಿಸಿತು, 2018ರಲ್ಲಿ ಸುಪ್ರೀಂ ಕೋರ್ಟೂ ಅದನ್ನು ಎತ್ತಿಹಿಡಿಯಿತು. ಅಲ್ಲಿ ಬೆಲೆ ಕಳೆದುಕೊಂಡವು ದಕ್ಷಿಣಕ್ಕೆ ಬರುತ್ತವೆ. ಕಾರು ಕೆಟ್ಟದ್ದೇ ಆಗಿರಬೇಕೆಂದಿಲ್ಲ, ಆದರೆ ದೆಹಲಿಯ ಟ್ರಾಫಿಕ್ಕಿನಲ್ಲಿ ನಿಂತಲ್ಲೇ ಎಂಜಿನ್ ಓಡಿದ ಗಂಟೆಗಳನ್ನು ಕಿಲೋಮೀಟರ್ ಮೀಟರು ತೋರಿಸುವುದಿಲ್ಲ. ಇದರ ಮೇಲೆ ಅಲ್ಲಿನ ನಿರಾಕ್ಷೇಪಣಾ ಪತ್ರ, ಇಲ್ಲಿನ ಮರುನೋಂದಣಿ, ಕೇರಳದ ತೆರಿಗೆ ಎಲ್ಲವನ್ನೂ ಕೂಡಿಸಿದರೆ ಅಗ್ಗದ ಬೆಲೆ ಅಗ್ಗವಾಗಿ ಉಳಿಯುವುದಿಲ್ಲ. ಮಂಗಳೂರಿನ ಕೆಎ 19 ಕಾರಿಗೂ ಇದೇ ಕ್ರಮವಾದರೂ ಮಾರುವವನ ಮನೆಗೆ ನಾವೇ ಹೋಗಿ ವಿಚಾರಿಸಬಹುದು. 12 ತಿಂಗಳಿಗಿಂತ ಹೆಚ್ಚು ಇಲ್ಲಿಯೇ ಇಟ್ಟುಕೊಳ್ಳುವುದಾದರೆ ಕಾಸರಗೋಡಿನ ಕೆಎಲ್ 14 ನೋಂದಣಿ ಮಾಡಿಸಲೇಬೇಕು.

ಇ20ರ ಬಗ್ಗೆ: 2023ಕ್ಕಿಂತ ಹಿಂದಿನ ಕಾರುಗಳು ಅದಕ್ಕೆಂದೇ ರೂಪುಗೊಂಡವಲ್ಲ. ಎಥನಾಲಿನಲ್ಲಿ ಪೆಟ್ರೋಲಿಗಿಂತ ಸುಮಾರು ಮೂರನೆಯ ಒಂದು ಪಾಲು ಶಕ್ತಿ ಕಡಿಮೆಯಿರುವುದರಿಂದ ಮೈಲೇಜು ತುಸು ಇಳಿಯುತ್ತದೆ. ಹಳೆಯ ಕಾರುಗಳಲ್ಲಿ ಈ ಇಳಿಕೆ 6ರಿಂದ 7 ಶೇಕಡಾ ಆಗಬಹುದೆಂದು ನೀತಿ ಆಯೋಗದ 2021ರ ವರದಿಯೇ ಅಂದಾಜು ಮಾಡಿತ್ತು. ನನ್ನ ಹಿಂದಿನ ಲೆಕ್ಕದಲ್ಲಿ ಪೆಟ್ರೋಲಿನ ಖರ್ಚಿಗೆ ಇನ್ನೊಂದು 5,000 ಸೇರಿಸಿಕೊಳ್ಳಿ.

ಉಪ್ಪಳದ ವರ್ಕ್‌ಶಾಪಿನವನು:

ಇ20ರಲ್ಲಿ ಮೈಲೇಜಿಗಿಂತ ನಾನು ಹೆಚ್ಚು ಗಮನಿಸುವುದು ರಬ್ಬರ್ ಪೈಪು, ಸೀಲುಗಳನ್ನು. ಎಥನಾಲ್ ನೀರನ್ನು ಹೀರುತ್ತದೆ. ಮಳೆಗಾಲದಲ್ಲಿ ಅರ್ಧ ಖಾಲಿ ಟ್ಯಾಂಕಿನೊಂದಿಗೆ ವಾರಗಟ್ಟಲೆ ನಿಲ್ಲಿಸಿಟ್ಟರೆ ತೊಂದರೆ. ದಿನವೂ ಓಡುವ ಮಾಷ್ಟ್ರ ಕಾರಿಗೆ ಆ ಭಯ ಕಡಿಮೆ.

ಡೀಸೆಲನ್ನೇ ಆರಿಸುವುದಾದರೆ ಇನ್ನೊಂದು ವಿಚಾರ. ಹೊಗೆ ಪರೀಕ್ಷೆಯ ವಂಚನೆ ಬಯಲಾದ ಬಳಿಕ 2015ರ ಡಿಸೆಂಬರಿನಲ್ಲಿ ಫೋಕ್ಸ್‌ವ್ಯಾಗನ್ ಸಮೂಹ ಭಾರತದಲ್ಲಿ ಇಎ189 ಡೀಸೆಲ್ ಎಂಜಿನಿನ ಸುಮಾರು 3.23 ಲಕ್ಷ ಕಾರುಗಳನ್ನು ಸಾಫ್ಟ್‌ವೇರ್ ಬದಲಾವಣೆಗಾಗಿ ಹಿಂದಕ್ಕೆ ಕರೆಸಿತ್ತು. ಆ ಕಾಲದ ಟಿಡಿಐ ಯಾವುದೇ ಇರಲಿ, ಚಾಸಿಸ್ ನಂಬರು ಕೊಟ್ಟು ಅಧಿಕೃತ ಸರ್ವೀಸಿನಲ್ಲಿ ವಿಚಾರಿಸಿದರೆ ಬಾಕಿ ಕೆಲಸವಿದೆಯೇ ಎಂಬುದು ತಿಳಿಯುತ್ತದೆ.

ಯಾವುದೇ ಕಾರು ನೋಡಲು ಹೋಗುವ ಮೊದಲು ‘ನಾವು ಬರುವ ತನಕ ಸ್ಟಾರ್ಟ್ ಮಾಡಬೇಡಿ’ ಎಂದು ಮಾಲಿಕನಿಗೆ ಫೋನಿನಲ್ಲಿಯೇ ಹೇಳಿಬಿಡಿ. ಹೋದೊಡನೆ ಬಾನೆಟ್ಟಿಗೆ ಕೈಯಿಟ್ಟು ನೋಡಿ. ಬೆಚ್ಚಗಿದ್ದರೆ ಏನನ್ನೋ ಮುಚ್ಚಿಡುತ್ತಿದ್ದಾರೆ ಎಂದು ಸಂಶಯಪಡಲು ಕಾರಣವಿದೆ. ಕೂಲಂಟಿನ ಬಣ್ಣ ನೋಡಿ. ಸ್ಕೋಡಾ, ಫೋಕ್ಸ್‌ವ್ಯಾಗನ್ ಕಾರುಗಳಿಗೆ ಬರುವುದು ಗುಲಾಬಿ ಅಥವಾ ನೇರಳೆ ಛಾಯೆಯದು. ನೀರಿನಂತೆ ತೆಳ್ಳಗೆ, ತುಕ್ಕಿನ ಬಣ್ಣದಲ್ಲಿದ್ದರೆ ಯಾರೋ ಬಾವಿ ನೀರು ಹೊಯ್ದಿದ್ದಾರೆಂದೇ ಅರ್ಥ. ಅಂಥ ಎಂಜಿನ್ ಎಷ್ಟೇ ಒಳ್ಳೆಯ ಜಾತಿಯದಾದರೂ ಬೇಡ. 2018ರ ನೆರೆಯಲ್ಲಿ ಮುಳುಗೆದ್ದ ಕಾರುಗಳೂ ಮಾರುಕಟ್ಟೆಯಲ್ಲಿವೆ, ಸೀಟಿನಡಿಯ ಕಾರ್ಪೆಟ್ ಎತ್ತಿ ಕೆಸರಿನ ಗುರುತು ಹುಡುಕಿ. ಕೊನೆಗೆ ಕಾರಿನ ಕಂಪ್ಯೂಟರಿಗೆ ಸ್ಕ್ಯಾನರ್ ಹಾಕಿಸಿ. ಡೀಸೆಲಾದರೆ ಪ್ರತಿ ಇಂಜೆಕ್ಟರಿನ ತಿದ್ದುಪಡಿಯ ಅಂಕೆಯನ್ನೂ (ಎಂಜಿನ್ ಸಮವಾಗಿ ಓಡಲೆಂದು ಕಂಪ್ಯೂಟರ್ ಅದರ ಇಂಧನವನ್ನು ಎಷ್ಟು ಹೆಚ್ಚುಕಡಿಮೆ ಮಾಡುತ್ತಿದೆ ಎಂಬುದನ್ನು) ನೋಡಿಸಿ. ಒಂದು ಮಾತ್ರ ಉಳಿದವಕ್ಕಿಂತ ಬಹಳ ದೂರವಿದ್ದರೆ ಖರ್ಚು ಬಾಗಿಲಲ್ಲೇ ನಿಂತಿದೆ ಎಂದು ತಿಳಿಯಿರಿ.

ಮುಳ್ಳೇರಿಯ ಕೃಷಿಕ:

ನಾನು ಡೀಸೆಲಿನ ಪಕ್ಷ ಬಿಡುವವನಲ್ಲ. ಆದರೆ ನನ್ನ ಓಟವೇ ಬೇರೆ: ಸುಳ್ಯ, ಪುತ್ತೂರು, ಮಂಗಳೂರು ಎಂದು ದಿನದ ಬಹುಪಾಲು ರಸ್ತೆಯಲ್ಲೇ ಕಳೆಯುತ್ತದೆ. ಮಾಷ್ಟ್ರ ದಿನಚರಿಗೆ ನಾನು ಹೇಳಿದ್ದು ಹೊಂದದಿರಬಹುದು. ಕೆ9ಕೆ ತೆಗೆದುಕೊಳ್ಳುವವರು ಯಾರಾದರೂ ಇದನ್ನು ಓದುತ್ತಿದ್ದರೆ, ಟೈಮಿಂಗ್ ಬೆಲ್ಟ್ ಬದಲಿಸಿದ ಬಿಲ್ಲು ಕೈಗೆ ಸಿಗದ ಹೊರತು ಬದಲಿಸಿಲ್ಲವೆಂದೇ ಭಾವಿಸಿ. ಬೆಲ್ಟು ತುಂಡಾದರೆ ವಾಲ್ವುಗಳು ಪಿಸ್ಟನ್ನಿಗೆ ಬಡಿದು ಎಂಜಿನ್ನೇ ಹೋಗುತ್ತದೆ.

ನೀರ್ಚಾಲು ಮಾಷ್ಟ್ರು:

ಮಂಗಳೂರಿಗೆ ಹೋಗಿ 1.4 ಟಿಎಸ್‌ಐ ನೋಡಿ ಬಂದೆವು. ಬಾನೆಟ್ ತಣ್ಣಗಿತ್ತು, ಸ್ಟಾರ್ಟ್ ಮಾಡಿದಾಗ ಅಸಹಜ ಸದ್ದೇನೂ ಇರಲಿಲ್ಲ, ಸ್ಕ್ಯಾನಿನಲ್ಲಿ ದೋಷವೇನೂ ಬರಲಿಲ್ಲ, ಸರ್ವೀಸ್ ಪುಸ್ತಕವೂ ಕ್ರಮಬದ್ಧವಾಗಿದೆ. ಓಡಿರುವುದು 68,000 ಕಿಲೋಮೀಟರು. ಎರಡು ವಿಷಯಗಳು ಮಾತ್ರ ಕಂಡುಬಂದವು. ಟೈಮಿಂಗ್ ಬೆಲ್ಟ್ ಇನ್ನೂ ಕಂಪೆನಿಯಿಂದ ಬಂದದ್ದೇ ಆಗಿದೆ, ಮತ್ತು ಎಂಜಿನಿನ ಗೇರ್‌ಬಾಕ್ಸ್ ಬದಿಯಲ್ಲಿ ಒಣಗಿದ ಗುಲಾಬಿ ಬಣ್ಣದ ಕಲೆಯಿದೆ. ಇದರಿಂದ ಹಿಂಜರಿಯಬೇಕೇ?

ಉಪ್ಪಳದ ವರ್ಕ್‌ಶಾಪಿನವನು:

ಹಿಂಜರಿಯಬೇಕಿಲ್ಲ, ಚೌಕಾಸಿ ಮಾಡಬೇಕು. ಆ ಕಲೆ ನೀರಿನ ಪಂಪಿನದು. ಇಎ211ರಲ್ಲಿ ಪಂಪು ಮತ್ತು ಥರ್ಮೋಸ್ಟ್ಯಾಟ್ ಒಂದೇ ಪ್ಲಾಸ್ಟಿಕ್ ಕವಚದಲ್ಲಿ ಗೇರ್‌ಬಾಕ್ಸ್ ಬದಿಗಿರುತ್ತವೆ, ವರ್ಷವಾದಂತೆ ಅಲ್ಲಿ ಜಿನುಗುವುದು ಈ ಎಂಜಿನಿನ ತಿಳಿದ ದೌರ್ಬಲ್ಯ. ಅದನ್ನು ತಿರುಗಿಸಲು ಬೇರೆಯದೇ ಚಿಕ್ಕ ಬೆಲ್ಟೊಂದಿದೆ. ಟೈಮಿಂಗ್ ಬೆಲ್ಟ್ ಬದಲಿಸಿದೆವೆಂದು ಬಿಲ್ಲು ಕೊಟ್ಟವರು ಇದನ್ನು ಮುಟ್ಟದೆ ಬಿಟ್ಟಿರುವುದೂ ಉಂಟು. ಬೆಲ್ಟು ಎರಡೂ, ಅವನ್ನು ಬಿಗಿಹಿಡಿಯುವ ಟೆನ್ಷನರ್, ಪಂಪಿನ ಪೂರ್ತಿ ಜೋಡಣೆ, ಸರಿಯಾದ ಕೂಲಂಟ್, ಇಷ್ಟಕ್ಕೂ ಒಂದೇ ಸಲ ಅಂದಾಜು ಪಟ್ಟಿ ಮಾಡಿಸಿ, ಅದನ್ನು ಮಾಲಿಕನ ಮುಂದಿಟ್ಟು ಬೆಲೆ ಇಳಿಸಲು ಹೇಳಿ. 68,000ಕ್ಕೆ ಬೆಲ್ಟು ಇನ್ನೂ ಬಾಳುತ್ತದೆ ಎಂದು ಅವರು ವಾದಿಸಬಹುದು. ಕಿಲೋಮೀಟರಿನ ಲೆಕ್ಕ ಒಂದು ಕಡೆ, ಹತ್ತು ವರ್ಷ ಬಿಸಿಯಲ್ಲಿದ್ದ ರಬ್ಬರಿನ ಲೆಕ್ಕ ಇನ್ನೊಂದು ಕಡೆ. ಅಡ್ವಾನ್ಸ್ ಕೊಡುವ ಮೊದಲು ಐದು ಜನರನ್ನೂ ಕೂರಿಸಿಕೊಂಡು ನಿಮ್ಮ ತೋಟದಂಥದೇ ಏರೊಂದರಲ್ಲಿ ಎರಡನೆಯ ಗೇರಿನಲ್ಲಿ ಹತ್ತಿಸಿ ನೋಡಿ. ಕ್ಲಚ್ಚು ಜಾರಿ ಆರ್‌ಪಿಎಂ ಮಾತ್ರ ಏರಿದರೆ ಆ ಪಟ್ಟಿಗೆ ಕ್ಲಚ್ ಸೆಟ್ಟನ್ನೂ ಸೇರಿಸಿ.